ತಕ್ಕಡಿ ಹತ್ತದ ಬಸ್ಸು

ಬೆಂಗಳೂರಿನ ನಮ್ಮ ಆಫೀಸಿನ ಲಿಫ್ಟಿನಲ್ಲಿ ಒಂದು ಸಣ್ಣ ಸ್ಟೀಲ್ ಫಲಕ ಉಂಟು: 13 ಜನ, 884 ಕೆ.ಜಿ. ಭಾಗಿಸಿ ನೋಡಿ, ತಲೆಗೆ 68 ಕೆ.ಜಿ. ಬರುತ್ತದೆ. ನಿಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲೂ ಬಹುಶಃ ಇದೇ ಲೆಕ್ಕ. ಊಟ ಮುಗಿಸಿ ಎಲ್ಲರೂ ಒಟ್ಟಿಗೆ ನುಗ್ಗಿದರೆ ಅದು ಕೀಂ ಎಂದು ಕೂಗುತ್ತದೆ, ಬಾಗಿಲು ಹಾಕುವುದಿಲ್ಲ. ಆಗ ಎಲ್ಲರಿಗೂ ಇದ್ದಕ್ಕಿದ್ದ ಹಾಗೆ ಮೊಬೈಲಿನಲ್ಲಿ ಏನೋ ತುರ್ತು ಮೆಸೇಜು ಬಂದಿರುತ್ತದೆ. ಕೊನೆಗೆ ಹೊಸದಾಗಿ ಸೇರಿದ ಟ್ರೇನಿ ಯಾರಾದರೂ ನಾಚಿಕೊಂಡು ಇಳಿಯುತ್ತಾನೆ. ಲಿಫ್ಟು ಹೊರಡುತ್ತದೆ.

ಕಳೆದ ಆಟಿ ತಿಂಗಳಲ್ಲಿ ಅಮ್ಮನ ಮಂಡಿ ಆಪರೇಷನ್ನಿಗೆಂದು ಮಂಗಳೂರಿನ ಕಂಕನಾಡಿಯಲ್ಲಿ ಆರು ದಿನ ಇದ್ದೆ. ನಮ್ಮ ಕಡೆಯ ಹಳ್ಳಿಯವರಿಗೆ ಕಂಕನಾಡಿ ಎಂದರೆ ಆಸ್ಪತ್ರೆ. 1880ರಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಹೋಮಿಯೋಪತಿ ಔಷಧಿ ಕೊಡಲು ಶುರು ಮಾಡಿದಲ್ಲಿಂದ ಹಾಗೇ. ವಾರ್ಡಿನಲ್ಲಿ ಕೂತು ಕೂತು ಬೇಸರವಾದಾಗ ಕೆಳಗೆ ಬಂದು ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದೆ. ಹೊರಗೆ ಜಡಿ ಮಳೆ. ಸ್ಟೇಟ್‌ಬ್ಯಾಂಕಿನಿಂದ ಬಂದ ಬಸ್ಸುಗಳು ಒಂದರ ಹಿಂದೆ ಒಂದು ಬಂದು, ಅರ್ಧ ನಿಮಿಷ ನಿಂತು ಹೋಗುತ್ತಿದ್ದವು. ಸಂಜೆ ಐದೂವರೆಯ ನಂತರ ಬರುವ ಪ್ರತಿ ಬಸ್ಸೂ ಎಡಕ್ಕೆ ವಾಲಿರುತ್ತಿತ್ತು. ಬಾಗಿಲು ಇರುವುದು ಎಡಕ್ಕೆ, ಫುಟ್‌ಬೋರ್ಡಿನ ಜನ ಎಡಕ್ಕೆ, ಒಳಗೆ ಹೋಗದೆ ಬಾಗಿಲ ಬುಡದಲ್ಲೇ ನಿಂತವರು ಎಡಕ್ಕೆ. ಯಾವ ಬಸ್ಸೂ ಕೀಂ ಎನ್ನಲಿಲ್ಲ. ಕಂಡಕ್ಟರ್ "ದುಂಬು ಪೋಲೆ, ದುಂಬು ಪೋಲೆ" ಎಂದ, ಎರಡು ವಿಶಲ್ ಊದಿದ, ಹೊರಟಿತು.

ಬಸ್ಸಿನ ಮೈಮೇಲೆ ಸಣ್ಣ ಅಕ್ಷರದಲ್ಲಿ ಯು.ಎಲ್.ಡಬ್ಲ್ಯು., ಆರ್.ಎಲ್.ಡಬ್ಲ್ಯು. ಅಂತೇನೋ ಬರೆದು, ಮುಂದೆ ಕೆ.ಜಿ. ಲೆಕ್ಕ ಹಾಕಿರುತ್ತಾರಲ್ಲ, ನೋಡಿದ್ದೀರಾ? ಮೊದಲನೆಯದು ಖಾಲಿ ಬಸ್ಸಿನ ತೂಕ. ಎರಡನೆಯದು ತುಂಬಿದ ಬಸ್ಸು ಮೀರಬಾರದ ತೂಕ. ಚಿಕ್ಕಂದಿನಿಂದ ಸಾವಿರಾರು ಸಲ ಓದಿದ್ದೇನೆ. ಆ ಎರಡನೇ ಅಂಕಿಯನ್ನು ಯಾರಾದರೂ ಯಾವತ್ತಾದರೂ ತಕ್ಕಡಿ ಇಟ್ಟು ನೋಡಿದ್ದಾರಾ ಎಂಬ ಪ್ರಶ್ನೆ ನನಗೆ ಬಂದದ್ದು ಮಾತ್ರ ಈ ಮಳೆಯಲ್ಲಿ. ಕೈಯಲ್ಲಿ ಮೊಬೈಲು ಉಂಟು, ವಾರ್ಡಿನಲ್ಲಿ ರಾತ್ರಿ ನಿದ್ದೆ ಇಲ್ಲ. ಓದುತ್ತಾ ಹೋದೆ.

ಮಂಗಳೂರಿಗೆ ಬಸ್ಸು ಬಂದದ್ದು 1914ರಲ್ಲಿ. ಕೆನರಾ ಪಬ್ಲಿಕ್ ಕನ್ವೆಯನ್ಸ್ ಕಂಪೆನಿ, ಹಿರಿಯರ ಬಾಯಲ್ಲಿ ಸಿ.ಪಿ.ಸಿ. ಆಮೇಲೆ ಹನುಮಾನ್, ಶಂಕರ್ ಇವೆಲ್ಲ ಸ್ವಾತಂತ್ರ್ಯಕ್ಕೆ ಮೊದಲೇ ಬಂದವು. ಅದೇ 1914ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಮೊದಲ ಮೋಟಾರು ವಾಹನ ಕಾಯ್ದೆಯೂ ಬಂತು. ಅದರ ಗಮನ ಹೆಚ್ಚಾಗಿ ನೋಂದಣಿ, ಲೈಸೆನ್ಸು, ಅಡ್ಡಾದಿಡ್ಡಿ ಓಡಿಸುವುದು ಇವುಗಳ ಮೇಲೆ. ಆಗಿನ ನಮ್ಮ ರಸ್ತೆ ಎಂದರೆ ಜಲ್ಲಿ ಹಾಸಿ ಮುರಕಲ್ಲಿನ ಮಣ್ಣು ಹಾಕಿ ಗುದ್ದಿದ್ದು. ಎತ್ತಿನ ಗಾಡಿಯ ಕಬ್ಬಿಣದ ಪಟ್ಟಿ ಹೊಡೆದ ಚಕ್ರವೇ ಅದನ್ನು ಹಾಳು ಮಾಡಲು ಧಾರಾಳ ಸಾಕಾಗುತ್ತಿತ್ತು.

ಹೊಳೆ ದಾಟುವ ಜಾಗದಲ್ಲಿ ಮಾತ್ರ ತೂಕದ ಲೆಕ್ಕ ಕಟ್ಟುನಿಟ್ಟು. ಕರಾವಳಿಯಲ್ಲಿ ಹತ್ತು ಮೈಲಿಗೊಂದು ಹೊಳೆ. ಸೇತುವೆ ಇಲ್ಲದ ಕಡೆ ಎರಡು ದೋಣಿ ಜೋಡಿಸಿ ಮೇಲೆ ಹಲಗೆ ಹಾಸಿದ ಜಂಗಲು. ಬಸ್ಸು ಕಡವಿಗೆ ಬಂತೆಂದರೆ ಜನ ಎಲ್ಲ ಇಳಿಯಬೇಕು. ಖಾಲಿ ಬಸ್ಸನ್ನು ಜಂಗಲಿಗೆ ಹತ್ತಿಸಿ ದಾಟಿಸುವುದು. ನಮ್ಮ ಅಜ್ಜಿ ಇದನ್ನು ಹೇಳುವಾಗ ಯಾರೋ ಹೆಂಗಸು ಕೋಳಿ ಬುಟ್ಟಿಯನ್ನು ಬಸ್ಸಿನೊಳಗೇ ಬಿಟ್ಟದ್ದಕ್ಕೆ ಜಂಗಲಿನವ ಬೈದ ಕಥೆಯನ್ನೂ ಸೇರಿಸುತ್ತಿದ್ದರು. ಅಲ್ಲಿ ಕಾಯ್ದೆ ಪುಸ್ತಕ ಬೇಡ. ತೂಕ ಹೆಚ್ಚಾದರೆ ದೋಣಿಯ ಅಂಚಿಗೆ ನೀರು ಬರುತ್ತದೆ, ಕಣ್ಣಿಗೇ ಕಾಣುತ್ತದೆ. ರಸ್ತೆಯ ಕಷ್ಟ ಏನೆಂದರೆ ಅದು ಮುಳುಗುವುದಿಲ್ಲ. ಇವತ್ತು ಹಾಕಿದ ಹೆಚ್ಚುವರಿ ತೂಕ ಮೂರು ಮಳೆಗಾಲದ ನಂತರ ಗುಂಡಿಯಾಗಿ ಕಾಣಿಸುತ್ತದೆ, ಅಷ್ಟರಲ್ಲಿ ಯಾವ ಬಸ್ಸು ಎಂದು ಯಾರಿಗೆ ಗೊತ್ತು?

ಇಲ್ಲಿ ಒಮ್ಮೆ ಲಂಡನ್ನಿಗೆ ಹೋಗಿ ಬರಬೇಕು. ಬಸ್ಸಿನ ತೂಕಕ್ಕೆ ಕಡಿವಾಣ ಹಾಕಿದ ಒಂದು ಒಳ್ಳೆಯ ಕಥೆ ಅಲ್ಲಿ ಸಿಕ್ಕಿತು. 1900ರ ನಂತರ ಅಲ್ಲಿ ಕುದುರೆ ಬಸ್ಸು ಹೋಗಿ ಮೋಟಾರು ಬಸ್ಸು ಬರುತ್ತಿದ್ದ ಕಾಲ. ಮೋಟಾರು ಬಸ್ಸುಗಳು ಭಾರ, ಗಟ್ಟಿ ರಬ್ಬರಿನ ಚಕ್ರ, ಕಿವಿ ಹರಿಯುವ ಸದ್ದು. ಬಸ್ಸುಗಳಿಗೆ ಅನುಮತಿ ಕೊಡುವ ಅಧಿಕಾರ ಇದ್ದದ್ದು ಪೊಲೀಸರ ಕೈಯಲ್ಲಿ. 1909ರಲ್ಲಿ ಅವರು ಒಂದು ನಿಯಮ ತಂದರು: ಖಾಲಿ ಬಸ್ಸು ಮೂರೂವರೆ ಟನ್ ಮೀರುವ ಹಾಗಿಲ್ಲ. ಕಂಪೆನಿಗಳು ಸಾಧ್ಯವೇ ಇಲ್ಲ ಎಂದು ಬೊಬ್ಬೆ ಹಾಕಿರಬಹುದು, ಮಾಲೀಕರು ಎಲ್ಲ ಕಾಲದಲ್ಲೂ ಮಾಲೀಕರೇ. ಆದರೆ ಲಂಡನ್ ಜನರಲ್ ಕಂಪೆನಿಯ ಎಂಜಿನಿಯರ್ ಫ್ರಾಂಕ್ ಸರ್ಲ್ ಆ ಮಿತಿಯೊಳಗೇ ಒಂದು ಬಸ್ಸು ಮಾಡಿದ. 1910ರಲ್ಲಿ ರಸ್ತೆಗಿಳಿದ ಆ 'ಬಿ-ಟೈಪ್' ಎಷ್ಟು ಚೆನ್ನಾಗಿ ಓಡಿತೆಂದರೆ ಸಾವಿರಗಟ್ಟಲೆ ಮಾಡಿದರು. ಒಳಗೂ ಮೇಲೂ ಸೇರಿ 34 ಸೀಟು. ಮಂಗಳೂರಿನಲ್ಲಿ ಸಿ.ಪಿ.ಸಿ. ಶುರುವಾದ 1914ರಲ್ಲೇ ಆ ಬಸ್ಸುಗಳು ಫ್ರಾನ್ಸಿನ ಯುದ್ಧಭೂಮಿಗೆ ಸೈನಿಕರನ್ನು ಹೊತ್ತುಕೊಂಡು ಹೋದವು.

ಅವರು ಮಿತಿ ಹಾಕಿದ್ದು ಖಾಲಿ ಬಸ್ಸಿಗೆ, ಗಮನಿಸಿ. ಜನರನ್ನು ತೂಗುವುದು ಕಷ್ಟ, ಕಬ್ಬಿಣವನ್ನು ತೂಗಬಹುದು. ಜನ ಎಷ್ಟು ಹತ್ತಿದರೂ ಕೆಳಗಿನ ಗಾಡಿ ಹಗುರ ಇದ್ದರೆ ರಸ್ತೆಗೆ ಅಷ್ಟು ಉಳಿತಾಯ.

ನಮ್ಮಲ್ಲಿ ಬಸ್ಸಿನ ಬಗ್ಗೆ ಸರ್ಕಾರಕ್ಕೆ ನಿಜವಾದ ತಲೆಬಿಸಿ ಶುರುವಾದದ್ದು ಬೇರೆ ಕಾರಣಕ್ಕೆ. 1930ರ ಹೊತ್ತಿಗೆ ಬಸ್ಸುಗಳು ರೈಲಿನ ಪ್ರಯಾಣಿಕರನ್ನು ಕಸಿಯತೊಡಗಿದ್ದವು. ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ಈ ಪೈಪೋಟಿಯ ಬಗ್ಗೆ ವರದಿ ಬರೆದರು. ಅದರ ನಂತರ ಬಂದದ್ದು 1939ರ ಮೋಟಾರು ವಾಹನ ಕಾಯ್ದೆ. ಪರ್ಮಿಟ್ಟು, ಟೈಮಿಂಗು, ಆರ್‌ಟಿಎ ಎಂದು ನಾವು ಇವತ್ತು ಯಾವುದನ್ನೆಲ್ಲ ಬೈಯುತ್ತೇವೋ ಅದರ ಬೇರು ಅಲ್ಲಿದೆ. ಖಾಲಿ ತೂಕ, ತುಂಬಿದ ತೂಕ, ಒಂದು ಅಚ್ಚಿನ ಮೇಲೆ ಬೀಳುವ ತೂಕ ಎಂಬ ಮಾತುಗಳೂ ಆ ಕಾಯ್ದೆಯಲ್ಲಿ ಖಾಯಂ ಆದವು. ಆದರೆ ಕಾಯ್ದೆ ಬಂದದ್ದೇ ಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಬಂತು. ಬಸ್ಸಿನ ಹಿಂಭಾಗಕ್ಕೆ ಇದ್ದಿಲು ಉರಿಸುವ ಗ್ಯಾಸ್ ಡ್ರಮ್ಮು ಕಟ್ಟಿದರು. ಎಂಜಿನ್ನಿನ ಶಕ್ತಿ ಇಳಿಯಿತು, ಹಿಂದಿನ ಅಚ್ಚಿನ ಭಾರ ಏರಿತು. ಏರು ಬಂದಲ್ಲಿ ಗಂಡಸರು ಇಳಿದು ತಳ್ಳುತ್ತಿದ್ದರಂತೆ. ತೂಕ ಕಡಿಮೆ ಮಾಡುವ ಅತಿ ಸರಳ ಉಪಾಯ!

ಹಳೆ ಮೈಸೂರಿನಲ್ಲಿ 1948ರ ಸೆಪ್ಟೆಂಬರ್ 12ರಂದು ಸರ್ಕಾರವೇ 120 ಬಸ್ಸು ಇಟ್ಟುಕೊಂಡು ಸಾರಿಗೆ ಶುರು ಮಾಡಿತು. ಮುಂದೆ ಅದೇ ಕೆಎಸ್ಸಾರ್ಟಿಸಿ. ನಾವು ಆಗ ಮದ್ರಾಸಿನವರು, 1956ರ ನವೆಂಬರ್ 1ರವರೆಗೂ. ಅಷ್ಟರಲ್ಲಿ ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸು ಎಂಬುದು ಗೊಬ್ಬರ ಹಾಕಿದ ತೆಂಗಿನ ಮರದ ಹಾಗೆ ಬೇರು ಬಿಟ್ಟಾಗಿತ್ತು. ಈಗಲೂ ಮಂಗಳೂರು ಸಿಟಿ ಬಸ್ಸು ಎಂದರೆ ಖಾಸಗಿ ಬಸ್ಸು. ಬಸ್ಸಿನ ಜತೆ ಬಸ್ಸಿನ ಕೆಲಸಗಾರಿಕೆಯೂ ಬೆಳೆಯಿತು. ಸಿಂಡಿಕೇಟ್ ಬ್ಯಾಂಕ್ ಕಟ್ಟಿದವರಲ್ಲಿ ಒಬ್ಬರಾದ ವಿ.ಎಸ್. ಕುಡ್ವರ ಕೆನರಾ ವರ್ಕ್‌ಶಾಪ್ಸ್ ಲಾರಿ ಬಸ್ಸುಗಳ ಕಮಾನು ಪಟ್ಟಿಗೆ ಹೆಸರುವಾಸಿ. ಬಸ್ಸಿನ ತೂಕವೆಲ್ಲ ಮೊದಲು ಬೀಳುವುದು ಅದರ ಮೇಲೆ ತಾನೇ? ರಸ್ತೆ ತಕರಾರು ಹೇಳುವ ಮೊದಲು ಕಮಾನು ಪಟ್ಟಿ ಹೇಳುತ್ತದೆ. ಇದನ್ನು ನನಗೆ ಕಲಿಸಿದ್ದು ನನ್ನ ಸೋದರಮಾವ.

ಮಾವ ವಿಟ್ಲ–ಮಂಗಳೂರು ಲೈನಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರ್. ವಿಟ್ಲದಿಂದ ಕಲ್ಲಡ್ಕ, ಪಾಣೆಮಂಗಳೂರು, ಬಿ.ಸಿ.ರೋಡ್, ಫರಂಗಿಪೇಟೆ, ಪಡೀಲ್, ಪಂಪ್‌ವೆಲ್, ಕಂಕನಾಡಿ. ನಾನು ಬಿಇ ಓದುವಾಗ ದಿನಾ ಬರುತ್ತಿದ್ದದ್ದು ಅವರ ಬಸ್ಸಿನಲ್ಲೇ. ಕಂಕನಾಡಿಯಲ್ಲಿ ಇಳಿದು ಕಾಲೇಜಿಗೆ ಇನ್ನೊಂದು ಬಸ್ಸು. ಮಾವನದ್ದು ಒಂದು ಕ್ರಮ ಇತ್ತು. ಕಲ್ಲಡ್ಕದಲ್ಲಿ ಜನ ಹತ್ತಿದ ಮೇಲೆ ಕೆಳಗಿಳಿದು, ಹಿಂದಿನ ಟಯರಿನ ಹತ್ತಿರ ಬಗ್ಗಿ, ಟಯರಿಗೂ ಮೇಲಿನ ತಗಡಿಗೂ ನಡುವೆ ಕೈ ಅಡ್ಡ ಹಿಡಿದು ನೋಡುವುದು. ನಾಲ್ಕು ಬೆರಳು ಜಾಗ ಇದ್ದರೆ ಎರಡು ವಿಶಲ್. ಎರಡು ಬೆರಳಿಗೆ ಇಳಿದಿದ್ದರೆ ಮುಂದಿನ ಸ್ಟಾಪುಗಳಲ್ಲಿ ನಿಲ್ಲಿಸುವುದಿಲ್ಲ. ಬೇರೆ ಕಂಡಕ್ಟರುಗಳು ಇದಕ್ಕೆ ನಗುತ್ತಿದ್ದರು.

ಎರಡನೇ ವರ್ಷದಲ್ಲಿ ಒಂದು ಸೋಮವಾರ ನನಗೆ ಇಂಟರ್ನಲ್ ಪರೀಕ್ಷೆ. ಹಿಂದಿನ ಬಸ್ಸು ಕೆಟ್ಟು ನಿಂತು ಆ ಜನವೂ ಮಾವನ ಬಸ್ಸಿಗೇ ಬಂದಿದ್ದರು. ನಾನು ಓಡಿ ಬಂದು ಫುಟ್‌ಬೋರ್ಡಿಗೆ ಒಂದು ಕಾಲು ಇಟ್ಟಾಗಿತ್ತು. ಮಾವ ಭುಜ ಹಿಡಿದು ಇಳಿಸಿದರು. "ಇನಿ ಆಪುಜಿ ಮಗಾ. ಪ್ಲೇಟ್ ಕಟ್ ಆತ್ಂಡ್." ಇವತ್ತು ಆಗುವುದಿಲ್ಲ, ಕಮಾನಿನ ಒಂದು ಪಟ್ಟಿ ತುಂಡಾಗಿದೆ ಎಂದರ್ಥ. ನನ್ನ ಜತೆ ಇನ್ನೂ ಏಳೆಂಟು ಜನ ರಸ್ತೆಯಲ್ಲೇ ಉಳಿದರು. ನಾನಾಗ 52 ಕೆ.ಜಿ. ಪುಸ್ತಕ ಸೇರಿಸಿ 55 ಇಟ್ಟುಕೊಳ್ಳಿ. ಪರೀಕ್ಷೆ ತಪ್ಪಿತು, ಆ ವಿಷಯದಲ್ಲಿ ಪಾಸಾದದ್ದು ಕೂದಲೆಳೆಯಲ್ಲಿ. ಆ ತಿಂಗಳೆಲ್ಲ ಮಾವನ ಹತ್ತಿರ ಮಾತಾಡಲಿಲ್ಲ. ಮಾವನಿಗೆ ಸಿಕ್ಕಿದ್ದು ಅದಕ್ಕಿಂತ ಜಾಸ್ತಿ: ಜನ ಬಿಟ್ಟು ಬಂದದ್ದಕ್ಕೆ ಮಾಲೀಕರು ಒಂದು ವಾರ ಡ್ಯೂಟಿ ಕೊಡಲಿಲ್ಲ. ಬಸ್ಸು ಮುರಿದಿದ್ದರೆ ಏನು ಮಾಡುತ್ತಿದ್ದರೋ ದೇವರಿಗೆ ಗೊತ್ತು.

ಆಗ ಮಾವನದ್ದು ಹಠ ಎಂದುಕೊಂಡಿದ್ದೆ. ಅವರು ಬೆರಳಲ್ಲಿ ಅಳೆದದ್ದನ್ನು ಅಮೆರಿಕದವರು ಎರಡು ವರ್ಷ ಲಾರಿ ಓಡಿಸಿ ಅಳೆದಿದ್ದಾರೆ ಎಂದು ಗೊತ್ತಾದದ್ದು ಈ ವಾರ್ಡಿನ ರಾತ್ರಿಗಳಲ್ಲಿ. ಇಲಿನಾಯ್ ರಾಜ್ಯದ ಒಟ್ಟಾವ ಎಂಬಲ್ಲಿ 1958ರಿಂದ 1960ರವರೆಗೆ, ಬೇಕೆಂದೇ ರಸ್ತೆ ಕಟ್ಟಿ, ಸೇನೆಯ ಡ್ರೈವರುಗಳಿಂದ ಬೇರೆ ಬೇರೆ ತೂಕದ ಲಾರಿಗಳನ್ನು ಸುತ್ತು ಹೊಡೆಸಿದರು. ಅಚ್ಚುಗಳು 11 ಲಕ್ಷಕ್ಕೂ ಹೆಚ್ಚು ಸಲ ಅದೇ ರಸ್ತೆಯ ಮೇಲೆ ಹಾದುಹೋದವು. ಕೊನೆಗೆ ಸಿಕ್ಕಿದ ಅಂದಾಜು ಸೂತ್ರ: ರಸ್ತೆಗೆ ಆಗುವ ಹಾನಿ ಅಚ್ಚಿನ ತೂಕದ ನಾಲ್ಕನೇ ಘಾತದ ಹಾಗೆ ಏರುತ್ತದೆ. ತೂಕ ಎರಡು ಪಟ್ಟಾದರೆ ಹಾನಿ ಎರಡಲ್ಲ, ಹದಿನಾರು ಪಟ್ಟು. ಟಾರು ರಸ್ತೆಗೆ ಇವತ್ತಿಗೂ ಪ್ರಪಂಚದಲ್ಲಿ ಹೆಚ್ಚುಕಮ್ಮಿ ಇದನ್ನೇ ಹಿಡಿದು ಲೆಕ್ಕ ಹಾಕುತ್ತಾರೆ. ಕಾಂಕ್ರೀಟಿನ ನಡತೆ ಸ್ವಲ್ಪ ಬೇರೆ, ಆದರೆ ಭಾರದ ಅಚ್ಚು ಅದಕ್ಕೂ ಮಿತ್ರನಲ್ಲ.

ನಿಮ್ಮ ಸಣ್ಣ ಕಾರಿನ ಒಂದು ಅಚ್ಚಿನ ಮೇಲೆ ಅರ್ಧ ಟನ್ ಎನ್ನಿ. ಸಿಟಿ ಬಸ್ಸಿನ ಹಿಂದಿನ ಅಚ್ಚಿನ ಮೇಲೆ, 30 ಜನ ಕೂತಿರುವಾಗ, 6 ಟನ್ ಎಂದು ಇಟ್ಟುಕೊಳ್ಳಿ. ಹನ್ನೆರಡು ಪಟ್ಟು ತೂಕ, ಹಾನಿ ಇಪ್ಪತ್ತು ಸಾವಿರ ಪಟ್ಟು. ಈಗ ಸಂಜೆ ಐದೂವರೆಯ ಬಸ್ಸಿಗೆ ಬನ್ನಿ. 30ರ ಜಾಗದಲ್ಲಿ 70 ಜನ. ಹೆಚ್ಚುವರಿ 40 ಜನರನ್ನು ಲಿಫ್ಟಿನ 68 ಕೆ.ಜಿ.ಯಿಂದ ಗುಣಿಸಿದರೆ 2,720 ಕೆ.ಜಿ. ಅದರಲ್ಲಿ ಮೂರರಲ್ಲಿ ಎರಡು ಪಾಲು ಹಿಂದಿನ ಅಚ್ಚಿಗೆ ಹೋದರೆ 6 ಟನ್ 7.8 ಆಗುತ್ತದೆ. ಹಾನಿ ಸುಮಾರು 2.9 ಪಟ್ಟು. ಅದೇ 70 ಜನರನ್ನು ಎರಡು ಬಸ್ಸಿನಲ್ಲಿ 35-35 ಹಾಕಿ ಕಳಿಸಿದರೆ? ಎರಡೂ ಬಸ್ಸು ಸೇರಿ 2.3 ಪಟ್ಟು. ಅಂದರೆ ರಸ್ತೆಗೆ ಒಂದು ತುಂಬಿ ತುಳುಕಿದ ಬಸ್ಸಿಗಿಂತ ಎರಡು ಸಾಧಾರಣ ಬಸ್ಸು ಹಗುರ. ಎಕ್ಸೆಲ್ ತೆಗೆದು ಮೂರು ಸಲ ನೋಡಿದೆ. ಆದರೆ ಎರಡನೇ ಬಸ್ಸಿನ ಡೀಸೆಲ್, ಡ್ರೈವರ್ ಸಂಬಳ, ಟ್ಯಾಕ್ಸು ಮಾಲೀಕನ ಕಿಸೆಯಿಂದ ಹೋಗುತ್ತದೆ. ರಸ್ತೆಯ ಆ ಹೆಚ್ಚಿನ ಹಾನಿ ಯಾರ ಕಿಸೆಯಿಂದಲೂ ಹೋದಂತೆ ಕಾಣುವುದಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಬಿರುಕು ಬಿಟ್ಟಲ್ಲಿ ನೀರು ಇಳಿದರೆ ಉಳಿದ ಕೆಲಸವನ್ನು ಮುಂದಿನ ಬಸ್ಸು ಮಾಡಿ ಮುಗಿಸುತ್ತದೆ.

ಹಾಗಾದರೆ ಕಾನೂನು ಎಂತ ಹೇಳುತ್ತದೆ? ಇಲ್ಲಿ ನನಗೆ ನಿಜಕ್ಕೂ ಆಶ್ಚರ್ಯವಾಯಿತು. ಈಗ ಇರುವುದು 1988ರ ಕಾಯ್ದೆ. ಅದರ 113ನೇ ಸೆಕ್ಷನ್ ಪ್ರಕಾರ ನೋಂದಣಿಯಲ್ಲಿ ಬರೆದ ತೂಕವನ್ನು ಯಾವ ಮೋಟಾರು ವಾಹನವೂ ಮೀರಬಾರದು. ಬಸ್ಸೂ ಬಂತು, ಲಾರಿಯೂ ಬಂತು. ಮರು ಸೆಕ್ಷನ್ 114. ಅನುಮಾನ ಬಂದರೆ ಅಧಿಕಾರಿ ವಾಹನವನ್ನು ತೂಕದ ಯಂತ್ರಕ್ಕೆ ಒಯ್ಯಲು ಹೇಳಬೇಕು. ಯಾವ ವಾಹನವನ್ನು? ಸರಕು ವಾಹನ ಅಥವಾ ಟ್ರೇಲರನ್ನು. ಬಸ್ಸಿನ ಹೆಸರೇ ಇಲ್ಲ. ಮಿತಿ ಎಲ್ಲರಿಗೆ, ತಕ್ಕಡಿ ಲಾರಿಗೆ ಮಾತ್ರ. ದಂಡದಲ್ಲೂ ಇದೇ ಭೇದ. 2019ರ ತಿದ್ದುಪಡಿಯ ನಂತರ ಹೆಚ್ಚು ಭಾರ ಹೊತ್ತರೆ 20,000 ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000. ಬಸ್ಸಿನಲ್ಲಿ ಹೆಚ್ಚು ಜನ ಹಾಕಿದರೆ ತಲೆಗೆ 200. ನಮ್ಮ 40 ಹೆಚ್ಚುವರಿ ಜನಕ್ಕೆ 8,000 ಆಯಿತು. ಅಷ್ಟೇ 2.7 ಟನ್ ಲಾರಿಯಲ್ಲಿ ಮೆಣಸೋ ಸಿಮೆಂಟೋ ಆಗಿದ್ದರೆ ಇಪ್ಪತ್ತು ಸಾವಿರದಿಂದಲೇ ಶುರು. ರಸ್ತೆಗೆ ಮಾತ್ರ ಮೆಣಸು ಯಾವುದು, ಮನುಷ್ಯ ಯಾವುದು ಎಂದು ಗೊತ್ತಾಗುವುದಿಲ್ಲ.

ಲಾರಿಯ ತಕ್ಕಡಿಯೂ ಪ್ರಾಮಾಣಿಕವಾಗಿ ಕೆಲಸ ಮಾಡಿತು ಎಂದಲ್ಲ. ಒಂದು ಕಾಲಕ್ಕೆ ಕೆಲವು ರಾಜ್ಯಗಳು ಮುಂಗಡ ಹಣ ಕಟ್ಟಿಸಿಕೊಂಡು 'ಗೋಲ್ಡ್ ಕಾರ್ಡ್' ಎಂದು ಕೊಡುತ್ತಿದ್ದವು. ಅದು ಇದ್ದವನು ಎಷ್ಟು ಬೇಕಾದರೂ ಹೇರಬಹುದು. ಪರಮ್‌ಜಿತ್ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರ ನವೆಂಬರಿನಲ್ಲಿ ಇದು ನಡೆಯುವುದಿಲ್ಲ ಎಂದಿತು. ನಾನು ಕಾಲೇಜಿಗೆ ಹೋಗುತ್ತಿದ್ದ ವರ್ಷಗಳಲ್ಲಿ ಬಳ್ಳಾರಿಯ ಅದಿರು ಹೊತ್ತ ಲಾರಿಗಳು ಶಿರಾಡಿ ಇಳಿದು ಬಂದರಿಗೆ ಹೋಗುತ್ತಿದ್ದವು. ಬಿ.ಸಿ.ರೋಡಿನಿಂದ ಪಂಪ್‌ವೆಲ್‌ವರೆಗೆ ಆ ರಸ್ತೆಯ ಕೆಂಪು ಧೂಳು ನನ್ನ ಬಿಳಿ ಅಂಗಿಯಿಂದ ಇನ್ನೂ ಹೋಗಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿದ ಮೇಲೆ ಆ ಹೆದ್ದಾರಿ ಉಸಿರು ಬಿಟ್ಟಿತು.

ಇಷ್ಟೆಲ್ಲ ಆದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಮಾಡಿದ್ದೇನು? ಮಿತಿಯನ್ನೇ ಏರಿಸಿತು. ನಾಲ್ಕು ಟಯರಿನ ಒಂಟಿ ಅಚ್ಚಿಗೆ 10.2 ಟನ್ ಇದ್ದದ್ದು 11.5 ಆಯಿತು. ಎರಡು ಅಚ್ಚಿನ ಗಾಡಿಯ ಒಟ್ಟು ತೂಕ 16.2ರಿಂದ 18.5 ಟನ್. ಕೇಳಲು ಸಣ್ಣ ಏರಿಕೆ. ನಾಲ್ಕನೇ ಘಾತಕ್ಕೆ ಹಾಕಿ ನೋಡಿ, ತುಂಬಿದ ಅಚ್ಚು ಒಂದು ಸಲ ಹೋದರೆ ಮೊದಲಿಗಿಂತ ಶೇ 60ರಷ್ಟು ಹೆಚ್ಚು ಹಾನಿ. ಸಾಗಾಟದ ಖರ್ಚು ಇಳಿಯುತ್ತದೆ, ಹೇಗೂ ಎಲ್ಲರೂ ಮೀರುತ್ತಿದ್ದದ್ದನ್ನು ಕಾನೂನಿನೊಳಗೆ ತಂದ ಹಾಗಾಯಿತು ಎಂಬುದು ಸಮರ್ಥನೆ. ಪಾಸಾಗದ ಟೆಸ್ಟ್ ಕೇಸನ್ನು ಅಳಿಸಿ ಹಾಕಿ ಬಿಲ್ಡ್ ಹಸಿರಾಯಿತು ಎಂದು ಹೇಳುವವರನ್ನು ನಾವೆಲ್ಲ ನೋಡಿದ್ದೇವಲ್ಲ.

ನಾವೊಬ್ಬರೇ ಹೀಗೆ ಎಂದೇನಿಲ್ಲ. ಅಮೆರಿಕದಲ್ಲಿ ಒಂಟಿ ಅಚ್ಚಿಗೆ 20,000 ಪೌಂಡ್, ಅಂದರೆ ಸುಮಾರು 9 ಟನ್ ಮಿತಿ. ಅಲ್ಲಿನ ಸಿಟಿ ಬಸ್ಸುಗಳಿಗೆ ಎಸಿ ಬಂತು, ಗಾಲಿಕುರ್ಚಿ ಹತ್ತಿಸುವ ಲಿಫ್ಟು ಬಂತು, ಹೊಗೆ ಕಡಿಮೆ ಮಾಡುವ ಉಪಕರಣ ಬಂತು. ಒಂದೊಂದೂ ಒಳ್ಳೆಯದೇ, ಒಂದೊಂದಕ್ಕೂ ತೂಕ. ಜನ ತುಂಬಿದ ಬಸ್ಸು ಮಿತಿ ದಾಟತೊಡಗಿತು. 1992ರಲ್ಲಿ ಅಲ್ಲಿನ ಕಾಂಗ್ರೆಸ್ ಸಿಟಿ ಬಸ್ಸುಗಳಿಗೆ ತಾತ್ಕಾಲಿಕ ವಿನಾಯಿತಿ ಕೊಟ್ಟಿತು. ತಾತ್ಕಾಲಿಕ ಎಂದದ್ದು ವರ್ಷಗಟ್ಟಲೆ ಎಳೆಯಿತು. ಯುರೋಪಿನವರು 2015ರಲ್ಲಿ ಎರಡು ಅಚ್ಚಿನ ಬಸ್ಸಿನ ಮಿತಿಯನ್ನು 18ರಿಂದ 19.5 ಟನ್ನಿಗೆ ಏರಿಸಿದರು. ಕೊಟ್ಟ ಕಾರಣಗಳಲ್ಲಿ ಒಂದು, ಪ್ರಯಾಣಿಕರೇ ಮೊದಲಿಗಿಂತ ದಪ್ಪ ಆಗಿದ್ದಾರೆ ಎಂಬುದು! ಇನ್ನು ಬ್ಯಾಟರಿ ಬಸ್ಸುಗಳ ಕಾಲ. ಬ್ಯಾಟರಿ ಟನ್ ಲೆಕ್ಕದಲ್ಲಿ ತೂಗುತ್ತದೆ. ಲಂಡನ್ ಪೊಲೀಸರ ಮೂರೂವರೆ ಟನ್ನಿನ ಹಟ ಈಗ ಯಾರಿಗೂ ಉಳಿದಿಲ್ಲ.

ನಮ್ಮಲ್ಲಿ ಬಸ್ಸಿನ ತೂಕವನ್ನು ಸರ್ಕಾರ ನಿಜವಾಗಿ ನೆನಪಿಸಿಕೊಳ್ಳುವುದು ಎಲ್ಲಿ ಗೊತ್ತಾ? ಅಜ್ಜಿಯ ಜಂಗಲಿನ ಜಾಗದಲ್ಲೇ, ಹೊಳೆಯ ಮೇಲೆ. 2018ರ ಜೂನಿನಲ್ಲಿ ಫಲ್ಗುಣಿಯ ಮೇಲಿನ ಮೂಲರಪಟ್ನ ಸೇತುವೆ ಕುಸಿದು ಬಿತ್ತು. 2024ರ ಮಳೆಗಾಲದಲ್ಲಿ ಅದೇ ಹೊಳೆಯ ಪೊಳಲಿ ಅಡ್ಡೂರು ಸೇತುವೆ ದುರ್ಬಲ ಎಂದು ಘನ ವಾಹನಗಳನ್ನು ನಿಲ್ಲಿಸಿದರು. ಬಸ್ಸೂ ಘನ ವಾಹನವೇ. ಲಾರಿಯವನಿಗೆ ಸುತ್ತು ದಾರಿ ಉಂಟು. ಬಸ್ಸು ನಿಂತರೆ ಶಾಲೆ ಮಕ್ಕಳಿಗೆ, ಬೀಡಿ ಬ್ರಾಂಚಿಗೆ ಹೋಗುವ ಹೆಂಗಸರಿಗೆ ಇರುವುದು ಆಟೋ ಅಥವಾ ಕಾಲು. ವರ್ಷಗಟ್ಟಲೆ ಯಾರೂ ತೂಗದೆ ಬಿಟ್ಟು, ಒಂದು ದಿನ ಬೋರ್ಡು ಹಾಕಿ ಎಲ್ಲರನ್ನೂ ಇಳಿಸುವುದು.

ತಲೆ ಎಣಿಸುವ ನಿಯಮ ಪೂರ್ತಿ ಜಾರಿಯಾದದ್ದನ್ನು ನಾನು ಕಂಡದ್ದು ಒಂದೇ ಸಲ. 2020ರ ಮೇಯಲ್ಲಿ ಲಾಕ್‌ಡೌನ್ ಸಡಿಲವಾದಾಗ ಬಸ್ಸಿಗೆ 30 ಜನ, ನಿಲ್ಲುವ ಹಾಗಿಲ್ಲ. ರಸ್ತೆಗೆ ಅಂಥ ಸುಖ ಹಿಂದೆಂದೂ ಸಿಕ್ಕಿರಲಿಕ್ಕಿಲ್ಲ. ಸ್ಟಾಪಿನಲ್ಲಿ ಉಳಿದವರಿಗೆ ಮಾತ್ರ ಅಲ್ಲ.

ಇಲ್ಲೇ ನನ್ನ ಲೆಕ್ಕ ಸಿಕ್ಕಿಹಾಕಿಕೊಳ್ಳುತ್ತದೆ. ಕಂಕನಾಡಿಯಲ್ಲಿ ನಾಳೆ ಬೆಳಗ್ಗೆ ಒಂದು ತೂಕದ ಯಂತ್ರ ಕೂರಿಸಿ, ಮಿತಿ ಮೀರಿದ ಬಸ್ಸನ್ನು ಹಿಡಿಯುತ್ತೇವೆ ಎಂದರೆ ಎಂಜಿನಿಯರ್ ಆಗಿ ನಾನು ಚಪ್ಪಾಳೆ ತಟ್ಟುತ್ತೇನೆ. ಆದರೆ ಆ ಬಸ್ಸಿನ ಹೆಚ್ಚುವರಿ ತೂಕ ಯಾವುದು? ನಾಲ್ಕು ವರ್ಷ ಫುಟ್‌ಬೋರ್ಡಿನಲ್ಲಿ ನೇತಾಡಿಕೊಂಡು ಬಂದ 55 ಕೆ.ಜಿ.ಯ ನಾನೇ. ಕಡೆಗೆ ಹತ್ತುವವನೇ ಮೊದಲು ಇಳಿಯಬೇಕಾದವನು, ಲಿಫ್ಟಿನ ಟ್ರೇನಿಯ ಹಾಗೆ. ಅವನಿಗೆ ಮುಂದಿನ ಲಿಫ್ಟು ಒಂದು ನಿಮಿಷದಲ್ಲಿ ಬರುತ್ತದೆ. ವಿಟ್ಲದ ಬಸ್ಸು ಹಾಗೆ ಬರುವುದಿಲ್ಲ. ತೂಕದ ನಿಯಮ ಬರುವುದಾದರೆ ಎರಡನೇ ಬಸ್ಸಿನ ಜತೆಗೇ ಬರಬೇಕು, ಅದೂ ಪರ್ಮಿಟ್ಟಿನಲ್ಲೇ ಬರೆದು. ಬೆಳಗ್ಗೆ ಎಂಟರಿಂದ ಹತ್ತು, ಸಂಜೆ ಐದರಿಂದ ಏಳು ಈ ಲೈನಿನಲ್ಲಿ ಇಷ್ಟು ಬಸ್ಸು ಓಡಲೇಬೇಕು ಎಂದು. ಅದರ ನಷ್ಟದಲ್ಲಿ ಒಂದು ಪಾಲನ್ನು ರಸ್ತೆ ರಿಪೇರಿಯ ಹಣದಿಂದಲೇ ಕೊಡಬಹುದು. ನನ್ನ ಎಕ್ಸೆಲ್ ಹೇಳುವ 2.9ಕ್ಕೂ 2.3ಕ್ಕೂ ನಡುವಿನ ವ್ಯತ್ಯಾಸ ಅಲ್ಲಿಂದ ತಾನೇ ಉಳಿಯುವುದು? ಹಾಗೆ ಮಾಡದೆ ಬರೀ ತಲೆಗೆ 200 ಎಂದು ಚೀಟಿ ಹರಿದರೆ ಅದು ಕಂಡಕ್ಟರಿನ ಸಂಬಳದಿಂದ ಮುರಿಯುತ್ತದೆ, ಬೇರೆಲ್ಲಿಂದಲೂ ಅಲ್ಲ.

ಅಮ್ಮನನ್ನು ಡಿಸ್ಚಾರ್ಜ್ ಮಾಡುವ ಹಿಂದಿನ ಸಂಜೆ ಮಾವ ನೋಡಲು ಬಂದಿದ್ದರು. ಈಗ ಎಪ್ಪತ್ತರ ಹತ್ತಿರ, ಕೈಯಲ್ಲಿ ಬಾಳೆಹಣ್ಣಿನ ಚೀಲ, ಕೊಡೆ. ಹೊರಡುವಾಗ ಸ್ಟೇಟ್‌ಬ್ಯಾಂಕಿನವರೆಗೆ ಬಿಟ್ಟು ಬರುತ್ತೇನೆಂದು ಜತೆಗೆ ಇಳಿದೆ. ಕ್ಯಾಬ್ ಬುಕ್ ಮಾಡುತ್ತೇನೆ ಎಂದೆ, ಬೇಡ ಎಂದರು. ನನ್ನ ನಾಲ್ಕನೇ ಘಾತದ ಲೆಕ್ಕವನ್ನೂ ಹೇಳಿದೆ. ಪೂರ್ತಿ ಕೇಳಿ, "ನಿಮಗೆ ಅದಕ್ಕೆ ಕಂಪ್ಯೂಟರ್ ಬೇಕಾ ಮಾರಾಯ?" ಎಂದರು.

ಬಸ್ಸು ಬಂತು, ಎಡಕ್ಕೆ ವಾಲಿಕೊಂಡು. ಮಾವ ಹತ್ತಲಿಲ್ಲ. ಕೊಡೆ ನನ್ನ ಕೈಗೆ ಕೊಟ್ಟು, ಮಳೆಯಲ್ಲೇ ಹಿಂದಿನ ಟಯರಿನ ಹತ್ತಿರ ಬಗ್ಗಿದರು. ಕಂಡಕ್ಟರ್ ಹುಡುಗ ಇವರನ್ನು ವಿಚಿತ್ರವಾಗಿ ನೋಡಿ ಎರಡು ವಿಶಲ್ ಊದಿದ.

"ಎರಡೇ ಬೆರಳು ಉಂಟು," ಎಂದರು ಮಾವ. "ಮುಂದಿನದ್ದರಲ್ಲಿ ಹೋಗುವ."

ಮುಂದಿನದ್ದು ಎಂಟು ನಿಮಿಷದಲ್ಲಿ ಬಂತು. ಅದೂ ಅಷ್ಟೇ ತುಂಬಿತ್ತು. ಹತ್ತಿದೆವು.